ನೆನೆಸಿ ಅಂಟಿಸಿದರೆ ಹಡಗಾಗದು

ಮಾನ್ಯ ಸಂಪಾದಕರೆ,

ಬೇಸಿಗೆ ರಜೆಯ ಹವ್ಯಾಸಗಳ ಕುರಿತ ನಿಮ್ಮ ಪುರವಣಿಯ ಬರಹದಲ್ಲಿ ಮರದ ಮಾದರಿ ಹಾಯಿಹಡಗು ಕಟ್ಟುವ ಕಿಟ್‌ಗೂ ನಾಲ್ಕು ಸಾಲು ಸಿಕ್ಕಿದ್ದು ಸಂತೋಷ. ಆದರೆ ‘ಪಟ್ಟಿಗಳನ್ನು ನೀರಲ್ಲಿ ನೆನೆಸಿ, ಬಾಗಿಸಿ, ಅಂಟಿಸಿದರೆ ವಾರದಲ್ಲಿ ಹಡಗು ಸಿದ್ಧ’ ಎಂಬ ಮಾತನ್ನು ತಿದ್ದಲೇಬೇಕು. ಅದನ್ನು ನಂಬಿ ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಕೆಲಸಕ್ಕೆ ಕೂತರೆ ಅರ್ಧ ಕಟ್ಟಿದ ಹಡಗು ಅಟ್ಟ ಸೇರುವುದು ಖಂಡಿತ.

ಒದ್ದೆ ಮರ ಉಬ್ಬಿರುತ್ತದೆ. ಹಡಗಿನ ಮೈಗೆ ಹೊದಿಸುವ 5 ಮಿ.ಮೀ. ಅಗಲದ ಮರದ ಪಟ್ಟಿಯನ್ನು ಒದ್ದೆಯಾಗಿರುವಾಗಲೇ ಪಕ್ಕದ ಪಟ್ಟಿಗೆ ಒತ್ತಿ ಅಂಟಿಸಿದರೆ ಅಂದಿನ ಮಟ್ಟಿಗೆ ಚೆಂದ ಕೂತಂತೆ ಕಾಣುತ್ತದೆ. ಎರಡು ದಿನ ಬಿಟ್ಟು ನೋಡಿ, ಒಣಗಿ ಕುಗ್ಗಿದ ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಿರುತ್ತದೆ. ನಮ್ಮ ಒಣ ಹವೆಯಲ್ಲಿ, ಅದರಲ್ಲೂ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಪಟ್ಟಿಯ ಹೊರಮೈ ಮೊದಲು ಒಣಗಿ ಅಂಚು ಮೇಲೇಳುವುದೂ ಉಂಟು. ಅಂಟೂ ಅಷ್ಟೇ, ನೀರು ಕುಡಿದ ಮರದ ಮೇಲೆ ಫೆವಿಕಾಲ್ ತೆಳ್ಳಗಾಗಿ ಹಿಡಿತ ಕಳೆದುಕೊಳ್ಳುತ್ತದೆ.

1.5 ಮಿ.ಮೀ. ದಪ್ಪದ ಪಟ್ಟಿಗೆ ಉಗುರುಬೆಚ್ಚಗಿನ ನೀರಿನಲ್ಲಿ 15ರಿಂದ 20 ನಿಮಿಷ ಸಾಕು. ಆಮೇಲೆ ಅದನ್ನು ಹಡಗಿನ ಅಸ್ಥಿಪಂಜರದ ಮೇಲೆ ಅಂಟಿಲ್ಲದೆ ಬಾಗಿಸಿ, ಬಟ್ಟೆ ಕ್ಲಿಪ್ಪು, ಬೈಂಡರ್ ಕ್ಲಿಪ್ಪು ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಬಿಚ್ಚಿದರೆ ಪಟ್ಟಿ ಆ ಬಾಗನ್ನು ಉಳಿಸಿಕೊಂಡಿರುತ್ತದೆ. ಅಂಟು ಆಗ, ಒಣ ಪಟ್ಟಿಗೆ. ಎಡಕ್ಕೊಂದು ಹಾಕಿದರೆ ಬಲಕ್ಕೂ ಒಂದು ಹಾಕಲೇಬೇಕು. ಒಂದೇ ಪಕ್ಕ ಪೂರ್ತಿ ಹೊದಿಸಿದರೆ ಅದರ ಎಳೆತಕ್ಕೆ ಇಡೀ ಹಡಗು ಬಾಳೆಕಾಯಿಯಂತೆ ಬಾಗುತ್ತದೆ, ಮತ್ತೆ ನೇರವಾಗದು. ಪಕ್ಕಕ್ಕೆ 16 ಪಟ್ಟಿ ಬೇಕಾಗುವ ಹಡಗಿಗೆ ದಿನಕ್ಕೊಂದು ಜೊತೆಯಂತೆ ಮೊದಲ ಹೊದಿಕೆಗೇ (ಅದರ ಮೇಲೆ ಇನ್ನೊಂದು ತೆಳು ಹೊದಿಕೆ ಬರುತ್ತದೆ) 16 ದಿನ ಹಿಡಿಯಿತು. ಅಲ್ಲಿಗೆ ‘ವಾರದಲ್ಲಿ ಸಿದ್ಧ’ ಎಂಬ ಲೆಕ್ಕ ಮುಗಿಯಿತು.

ಇನ್ನು ಹೊದಿಕೆಗೂ ಮೊದಲಿನ ಕೆಲಸ. ಈ ಕಿಟ್‌ಗಳಲ್ಲಿ ಪ್ಲೈವುಡ್ಡಿನ ಉದ್ದನೆಯ ಬೆನ್ನೆಲುಬು ಒಂದು, ಅದಕ್ಕೆ ಕೀಲ್ ಎನ್ನುತ್ತಾರೆ (ನಮ್ಮ ಕೀಲೆಣ್ಣೆಯ ಕೀಲಿಗೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ ಕೊರೆದ ಸಂದುಗಳಲ್ಲಿ ಅಡ್ಡಡ್ಡ ಕೂರುವ ತುಂಡುಗಳು ಬಲ್ಕ್‌ಹೆಡ್. ಪೆಟ್ಟಿಗೆ ಬಿಚ್ಚಿದ ಕೂಡಲೇ ಕೀಲನ್ನು ಗಾಜಿನ ಮೇಲಿಟ್ಟು ನೋಡಬೇಕು. ಸೊಟ್ಟಗಿದ್ದರೆ ತುಸು ನೀರು ಸವರಿ, ಎರಡು ಗಾಜಿನ ನಡುವೆ ಭಾರ ಹೇರಿ ಎರಡು ದಿನ ಬಿಡಿ. ಬಲ್ಕ್‌ಹೆಡ್ ಒಂದೊಂದೂ ಮೂಲೆಮಟ್ಟಕ್ಕೆ ಕೂರಬೇಕು, ಬೆಂಕಿಪೊಟ್ಟಣದ ಮೂಲೆ ಇಟ್ಟು ನೋಡಿದರೂ ಆದೀತು.

ಅಂಟು ಒಣಗಿದ ಮೇಲೆ ಬಲ್ಕ್‌ಹೆಡ್‌ಗಳ ಅಂಚು ಉಜ್ಜುವ ಕೆಲಸ. ಬಹಳ ಜನ ಹಾರಿಸಿಬಿಡುವುದು ಇದನ್ನೇ. ಮೂತಿಯ ಕಡೆ ಹಡಗು ಒಳಕ್ಕೆ ತಿರುಗುವುದರಿಂದ ಅಲ್ಲಿನ ತುಂಡುಗಳ ಅಂಚು ಓರೆಯಾಗಬೇಕು. 120 ನಂಬರಿನ ಸ್ಯಾಂಡ್‌ಪೇಪರನ್ನು ಉದ್ದನೆಯ ಮರದ ತುಂಡಿಗೆ ಅಂಟಿಸಿಕೊಳ್ಳಿ, ಅದು ಒಮ್ಮೆಗೆ ಮೂರು ಬಲ್ಕ್‌ಹೆಡ್ ಮುಟ್ಟುವಷ್ಟಿರಲಿ. ಬೆರಳಿಗೆ ಸುತ್ತಿಕೊಂಡು ಉಜ್ಜಿದರೆ ಗುಳಿ ಬೀಳುತ್ತದೆ. ನಡುನಡುವೆ ಒಂದು ಪಟ್ಟಿಯನ್ನು ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಅದು ಪ್ರತಿ ಅಂಚಿನ ಪೂರ್ತಿ ದಪ್ಪವನ್ನೂ ಮುಟ್ಟಬೇಕು. ಬರೀ ಒಂದು ಮೂಲೆ ಮುಟ್ಟಿ, ಆಚೆ ಬೆಳಕು ಕಂಡರೆ ಇನ್ನೂ ಉಜ್ಜುವುದಿದೆ ಎಂದರ್ಥ. ಈ ಕೆಲಸಕ್ಕೆ ಎರಡು ಸಂಜೆ ಕೊಟ್ಟವರು ಮುಂದೆ ಹತ್ತು ಸಂಜೆ ಉಳಿಸಿಕೊಳ್ಳುತ್ತಾರೆ.

ಪಟ್ಟಿಯನ್ನು ಕಿರಿದು ಮಾಡುವ ಲೆಕ್ಕವನ್ನು ನಿಮ್ಮ ಬರಹ ಹೇಳಿಯೇ ಇಲ್ಲ. ಹಡಗಿನ ಹೊಟ್ಟೆ ದೊಡ್ಡದು, ಮೂತಿ ಸಣ್ಣದು. ಹೊಟ್ಟೆಯ ಬಳಿ ಡೆಕ್ಕಿನಿಂದ (ಹಡಗಿನ ಮೇಲ್ಗಡೆಯ ನೆಲ) ಕೀಲಿನವರೆಗೆ ಬಲ್ಕ್‌ಹೆಡ್ ಅಂಚಿಗೆ ಕಾಗದದ ಎಳೆ ಸುತ್ತಿ ಅಳೆದಾಗ 80 ಮಿ.ಮೀ. ಬಂತೆನ್ನಿ, 5 ಮಿ.ಮೀ. ಪಟ್ಟಿ 16 ಬೇಕು. ಮೂತಿಯ ಬಳಿ ಅದೇ ಅಳತೆ 48 ಬಂದರೆ ಅಲ್ಲಿ ಪ್ರತಿ ಪಟ್ಟಿಗೆ ಸಿಗುವ ಜಾಗ 3 ಮಿ.ಮೀ. ಮಾತ್ರ. ಘೇರಿನ ಲಂಗಕ್ಕೆ ಬಟ್ಟೆ ಕತ್ತರಿಸುವ ಟೈಲರ್ ಲೆಕ್ಕವೇ ಇದು, ಕೆಳಗೆ ಅಗಲ, ಸೊಂಟದಲ್ಲಿ ಕಿರಿದು. ಹಾಗೆ ಕೆತ್ತದೆ ಒತ್ತಿ ಕೂರಿಸಿದರೆ ಪಟ್ಟಿಗಳು ಒಂದರ ಮೇಲೊಂದು ಹತ್ತುತ್ತವೆ. ಪಟ್ಟಿ ಚಪ್ಪಟೆ ಕಡೆಗೆ ಬಾಗೀತೇ ಹೊರತು ಅಂಚಿನ ಕಡೆಗೆ ಬಾಗದು. ಆದರೆ ಯಾವ ಪಟ್ಟಿಯನ್ನೂ ಅರ್ಧಕ್ಕಿಂತ, ಅಂದರೆ 2.5 ಮಿ.ಮೀ.ಗಿಂತ ಕಿರಿದು ಮಾಡಬಾರದು, ಹಿಡಿದಿಡಲು ಗುಂಡುಸೂಜಿ ಚುಚ್ಚಿದರೆ ಸೀಳುತ್ತದೆ. ಹಿಂಭಾಗದಲ್ಲಿ ಇದರ ಉಲ್ಟಾ, ಜಾಗ ಹೆಚ್ಚಿ ಪಟ್ಟಿಗಳ ನಡುವೆ ಮೂರು ಮೂಲೆಯ ಸಂದು ಉಳಿಯುತ್ತದೆ. ಪಟ್ಟಿಗಳನ್ನು ಎಳೆದು ಅದನ್ನು ಮುಚ್ಚಲು ಹೋಗದೆ, ಬೆಣೆಯಾಕಾರದ ತುಂಡು ಕೆತ್ತಿ ಕೂರಿಸಬೇಕು.

ಅಂಟಿನ ಬಗ್ಗೆ ಒಂದೇ ಮಾತು. ಫೆವಿಕ್ವಿಕ್ ಥರದ ದಿಢೀರ್ ಅಂಟು ಮರದ ಮೇಲೆ ಬಿಳಿ ಮಚ್ಚೆ ಬಿಡುತ್ತದೆ, ಅಲ್ಲಿ ಪಾಲಿಶ್ ಹಿಡಿಯದು. ಕೊನೆಯ ತೆಳು ಹೊದಿಕೆ ಬರೀ ಅರ್ಧ ಮಿ.ಮೀ. ದಪ್ಪ. ಮಚ್ಚೆ ತೆಗೆಯಲು ಉಜ್ಜಿದರೆ ಒಳಗಿನ ಮರ ಹಣಕುತ್ತದೆ.

ಹಗ್ಗದ ಕೆಲಸಕ್ಕೆ ಬರೋಣ. ದನಕರು ಕಟ್ಟುವ ದಾವಣಿ ಹಗ್ಗದಿಂದಲೇ ನಮ್ಮೂರಿಗೆ ಹೆಸರು ಬಂತೆಂಬ ಮಾತಿದೆ, ಒಂದು ಕಾಲದ ಹತ್ತಿಗಿರಣಿಗಳ ಊರು ಬೇರೆ. ಆದರೂ ಇಲ್ಲಿ ಹತ್ತಿ ದಾರ ಬೇಡ ಎನ್ನಬೇಕಾಗಿದೆ. ಮಳೆಗಾಲದ ತೇವಕ್ಕೆ ಹುರಿ ಬಿಗಿದುಕೊಂಡು ಹಾಯಿಕಂಬವನ್ನು ಎಳೆಯುತ್ತದೆ, ಬೇಸಿಗೆಗೆ ಜೋತುಬೀಳುತ್ತದೆ. ಪಾಲಿಸ್ಟರ್ ದಾರಕ್ಕೆ ಆ ಕಾಟ ಕಡಿಮೆ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ನಿಜವಾದ ಹಡಗಿನಲ್ಲಿ ಡಾಂಬರು ಬಳಿಯುತ್ತಿದ್ದರು, ಆದ್ದರಿಂದ ಅವು ಕಪ್ಪುಗಂದು. ಹಾಯಿ ಏರಿಸಿ ಇಳಿಸುವವು ತಿಳಿಗಂದು. ಎಲ್ಲಕ್ಕೂ ಒಂದೇ ಬಣ್ಣದ ದಾರ ಹಾಕಿದ ಹಡಗನ್ನು ಬಲ್ಲವರು ದೂರದಿಂದಲೇ ಗುರುತಿಸುತ್ತಾರೆ. ನಾವಿಕರು ಹತ್ತುವ ಅಡ್ಡ ಹಗ್ಗಗಳ ನಡುವೆ ಸುಮಾರು 13 ಇಂಚು ಅಂತರವಿರುತ್ತಿತ್ತು, ನಿಜ ಹಡಗಿನ 64ರಲ್ಲಿ ಒಂದರಷ್ಟು ಅಳತೆಯ ಮಾದರಿಯಲ್ಲಿ ಅದು 5 ಮಿ.ಮೀ. ಚಿಲ್ಲರೆ. ಗೆರೆ ಹಾಕಿದ ರಟ್ಟನ್ನು ಹಿಂದಿಟ್ಟುಕೊಂಡು ಗಂಟು ಹಾಕಿ, ಜಗ್ಗಬೇಡಿ. ಪ್ರತಿ ಗಂಟನ್ನೂ ಸ್ವಲ್ಪ ಸ್ವಲ್ಪ ಜಗ್ಗಿದರೆ ಉದ್ದನೆಯ ಹಗ್ಗಗಳು ಡಮರುಗದ ನಡುವಿನಂತೆ ಒಳಸೇರುತ್ತವೆ. ಪಕ್ಕಕ್ಕೆ 6 ಉದ್ದನೆಯ ಹಗ್ಗ, 20 ಅಡ್ಡ ಸಾಲು ಎಂದರೆ ಎರಡೂ ಪಕ್ಕ ಸೇರಿ ಒಂದು ಕಂಬಕ್ಕೆ 240 ಗಂಟು, ಮೂರು ಕಂಬದ ಹಡಗಿಗೆ 720.

ಅದಕ್ಕೇ ಹನ್ನೆರಡು ವರ್ಷದ ಮಗುವಿಗೆ ಮೂರು ಕಂಬದ ಯುದ್ಧನೌಕೆ ಕೊಡಿಸಬೇಡಿ, ಪೆಟ್ಟಿಗೆಯ ಚಿತ್ರ ಎಷ್ಟೇ ಚೆಂದವಿರಲಿ. ಒಂದು ಕಂಬದ, ಒಂದೇ ಹೊದಿಕೆಯ ಸಣ್ಣ ದೋಣಿ ಸಾಕು. ಕಟ್ಟಿ ಮುಗಿದ ಮೇಲೆ ಕುಂದುವಾಡ ಕೆರೆಯಲ್ಲಿ ಬಿಡುವ ಆಸೆಯನ್ನೂ ಬಿಡಬೇಕು. ಅಡಿಯಲ್ಲಿ ಭಾರವಿಲ್ಲದ ಈ ಮಾದರಿಗಳು ನೀರಿಗಿಟ್ಟರೆ ಮಗುಚುತ್ತವೆ, ಅಂಟೂ ಬಿಡುತ್ತದೆ.

ಮುಂದಿನ ಪುರವಣಿಯಲ್ಲಿ ಸಾಧ್ಯವಾದರೆ ‘ನೆನೆಸಿ, ಬಾಗಿಸಿ’ ಎಂಬುದರ ಮುಂದೆ ‘ಒಂದು ರಾತ್ರಿ ಒಣಗಲು ಬಿಟ್ಟು’ ಎಂದು ಸೇರಿಸಿ ಅಚ್ಚುಹಾಕಿ. ರಜೆ ಶುರುವಾಗುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

ಇಂತಿ,
ಕೆಲವು ಹವ್ಯಾಸಿ ಮಾದರಿ ತಯಾರಕರು
ವಿದ್ಯಾನಗರ, ದಾವಣಗೆರೆ