ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ಉದ್ದನಿಗೆ, ದೆವ್ವದ ವಿಷಯವಾಗಿ

ಲೋ ಉದ್ದಾ,

ಹೇಗಿದ್ದೀಯ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಸ್ವಲ್ಪ ಹುಚ್ಚು ಹಿಡಿದಿದೆ ಅಷ್ಟೆ. ನಾನು, ಗುಂಡ, ಮೇಡಂ ಮೂವರೂ ಸೇರಿ ದೆವ್ವದ ಪಾಡ್‌ಕಾಸ್ಟ್ ಶುರು ಮಾಡಿದ್ದೇವೆ. ನಗಬೇಡ. ಸರಿ, ನಗು, ನಗಲಿ ಅಂತಲೇ ಮಾಡಿರೋದು. ವಾಟ್ಸ್ಯಾಪ್‌ನಲ್ಲಿ ಹೇಳಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಮರೆತುಬಿಡುತ್ತೀಯ. ಅದಕ್ಕೇ ಈ ಪತ್ರ, ಅದೂ ಎಲ್ಲರೂ ಓದುವ ಹಾಗೆ. ನಾಲ್ಕು ಜನ ನೋಡಿದರೆ ನಿನಗೆ ತಪ್ಪಿಸಿಕೊಳ್ಳೋಕೆ ಆಗಲ್ಲ, ನಮಗೂ ನಾಲ್ಕು ಕೇಳುಗರು ಸಿಕ್ಕಾರು.

ಹೆಸರು ‘ಓಗೊಡಬೇಡಿ’. ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಸಲ ಕೂಗುವ ತನಕ ಓಗೊಡಬಾರದು ಅಂತ ನಿಮ್ಮಜ್ಜಿಯೂ ಹೇಳಿರುತ್ತಾರೆ. ದೆವ್ವಕ್ಕೆ ಮೂರನೇ ಸಲ ಕೂಗೋಕೆ ಬರಲ್ಲವಂತೆ. ಯಾಕೆ ಬರಲ್ಲ ಅಂತ ಮಾತ್ರ ಯಾರೂ ಕೇಳಿದ ಹಾಗಿಲ್ಲ. ಹಾಗಾಗಿ ಪ್ರತಿ ಕಂತಿನ ಶುರುವಿನಲ್ಲಿ ಗುಂಡ ‘ಕೇಳ್ತಿದ್ದೀರಾ’ ಅಂತ ಎರಡೇ ಸಲ ಕೂಗಿ ಸುಮ್ಮನಾಗುತ್ತಾನೆ. ನನ್ನ ಹೆಂಡತಿಗೆ ಆ ಭಾಗ ಬಹಳ ಇಷ್ಟ. ಅದರ ಮುಂದೆ ಅವಳು ಕೇಳಿಲ್ಲ.

ಗುಂಡ ನಿನಗೆ ಗೊತ್ತಲ್ಲ, ತೀರ್ಥಹಳ್ಳಿ ಕಡೆಯ ಪ್ರಾಣಿ. ಎಲ್ಲವನ್ನೂ ನಂಬುತ್ತಾನೆ. ಮೇಡಂ ಯಾವುದನ್ನೂ ನಂಬಲ್ಲ, ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡಿ ಮಾಡಿ ನಮ್ಮನ್ನೂ ಹಾಗೇ ನೋಡುತ್ತಾಳೆ. ನಾನು ನಂಬಲ್ಲ, ಆದರೆ ಕರೆಂಟ್ ಹೋದಾಗ ಹಿತ್ತಲಿಗೂ ಹೋಗಲ್ಲ. ಎಡಿಟಿಂಗ್ ನನ್ನ ತಲೆಗೆ ಬಿದ್ದಿದೆ.

ಮೊದಲ ಕಂತು ‘ನಾಳೆ ಬಾ’. ಬೇರೆ ಯಾವುದರಿಂದ ಶುರು ಮಾಡೋದು ಹೇಳು? ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಎಷ್ಟೋ ಮನೆಗಳ ಬಾಗಿಲಿನ ಮೇಲೆ ಅದನ್ನು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ನಮ್ಮ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕತೆ ಮುಗಿಯಿತು. ಬಾಗಿಲ ಮೇಲಿನ ಬರಹ ಕಂಡರೆ ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ರಾತ್ರಿ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಜೀವ ತೆಗೆಯುವ ಶಕ್ತಿ ಇದೆ, ನಿನ್ನೆ ಓದಿದ್ದು ನೆನಪಿಟ್ಟುಕೊಳ್ಳುವ ಶಕ್ತಿ ಇಲ್ಲ. ಮೇಡಂ ಕೇಳಿದ ಮೊದಲ ಪ್ರಶ್ನೆ, ಬೆಂಗಳೂರಿನ ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ ಅಂತ. ಗುಂಡ ಒಂದು ಕ್ಷಣವೂ ಯೋಚಿಸದೆ ಹೇಳಿದ, ‘ಆ ಕಾಲದ ದೆವ್ವಕ್ಕೆ ಬರ್ತಿತ್ತು.’

ಮಂಡ್ಯ ಕಡೆಯ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದರು. ಅವರ ಬೀದಿಯಲ್ಲಿ ಒಬ್ಬ ಹುಡುಗ ‘ನಾಲೆ ಬಾ’ ಅಂತ ಬರೆದುಬಿಟ್ಟಿದ್ದನಂತೆ. ದೆವ್ವ ಬಂದು ಓದಿ, ಸೀದಾ ವಿಶ್ವೇಶ್ವರಯ್ಯ ನಾಲೆಗೆ ಹೋಗಿ ಕಾಯುತ್ತಾ ಕೂತಿರಬೇಕು ಅಂದರು ಅವರು. ನಮಗಿಂತ ಅವರೇ ಚೆನ್ನಾಗಿ ಪಾಡ್‌ಕಾಸ್ಟ್ ಮಾಡುತ್ತಾರೆ, ನಿಜ ಹೇಳಬೇಕು ಅಂದರೆ.

ನನಗೆ ಒಂದು ಅನುಮಾನ ಇದೆ. ಆಧಾರ ಕೇಳಬೇಡ, ಇದು ನನ್ನ ಊಹೆ. ಈ ಉಪಾಯ ದೆವ್ವಕ್ಕಾಗಿ ಹುಟ್ಟಿದ್ದಲ್ಲ. ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಇರುತ್ತಲ್ಲ, ಯಾವತ್ತು ಹೋಗಿ ಓದಿದರೂ ಉದ್ರಿ ನಾಳೆಯೇ ಅಲ್ವಾ? ಸಾಲ ಕೇಳುವವರಿಗೆ ಹೇಳುತ್ತಿದ್ದುದನ್ನೇ ನಮ್ಮ ಜನ ದೆವ್ವಕ್ಕೂ ಹೇಳಿದರು. ಮಂತ್ರ ಹಾಕಲಿಲ್ಲ, ಬಯ್ಯಲಿಲ್ಲ, ‘ಬರಬೇಡ’ ಅಂತಲೂ ಅನ್ನಲಿಲ್ಲ. ಮನೆಗೆ ಬಂದವರಿಗೆ ಇಲ್ಲ ಅನ್ನದೆ ಸಾಗಹಾಕಿದರು. ಇಷ್ಟು ಮರ್ಯಾದೆಯಿಂದ ದೆವ್ವ ಓಡಿಸುವವರು ಬೇರೆ ಎಲ್ಲಾದರೂ ಇದ್ದರೆ ಹೇಳು.

ರೆಕಾರ್ಡಿಂಗ್ ನಮ್ಮ ಮನೆಯ ಮಲಗುವ ಕೋಣೆಯಲ್ಲಿ. ಬಟ್ಟೆ ತುಂಬಿದ ಬೀರು ತೆರೆದಿಟ್ಟು, ಕಿಟಕಿಗೆ ರಗ್ಗು ಕಟ್ಟಿದರೆ ಗೋಡೆಯಿಂದ ವಾಪಸ್ ಬರುವ ಸದ್ದು ಕಡಿಮೆಯಾಗುತ್ತದೆ. ಫ್ಯಾನ್ ಹಾಕುವಂತಿಲ್ಲ. ಎಡಿಟಿಂಗ್‌ಗೆ ಆಡಾಸಿಟಿ, ಪುಕ್ಕಟೆ ಸಿಗುತ್ತದೆ. ತೊಂದರೆ ಏನಪ್ಪಾ ಅಂದರೆ ಹಗಲಿನಲ್ಲಿ ಕುಕ್ಕರ್ ಕೂಗುತ್ತದೆ, ಸೊಪ್ಪಿನವಳು ಕೂಗುತ್ತಾಳೆ, ಹಳೇ ಪೇಪರಿನವನು ಕೂಗುತ್ತಾನೆ. ನಿಶ್ಶಬ್ದ ಬೇಕಾದರೆ ರಾತ್ರಿ ಹನ್ನೊಂದರ ಮೇಲೇ ಕೂರಬೇಕು. ಆ ಹೊತ್ತಿನಲ್ಲಿ ಗುಂಡನ ಕತೆ ಕೇಳಿದರೆ ಆಮೇಲೆ ಗೇಟಿನ ತನಕ ಹೋಗಿ ಅವರನ್ನು ಕಳಿಸೋಕೆ ನನಗೆ ಧೈರ್ಯ ಸಾಲಲ್ಲ. ಒಳಗಿಂದಲೇ ಬೈ ಹೇಳುತ್ತೇನೆ.

ಜಗಳ ಶುರುವಾದದ್ದು ಕೊಳ್ಳಿದೆವ್ವದ ಕಂತಿನಲ್ಲಿ. ಕತ್ತಲಲ್ಲಿ ಗದ್ದೆ ಬಯಲಿನಲ್ಲಿ ಬೆಂಕಿಯ ಹಾಗೆ ಒಂದು ಬೆಳಕು ಓಡಾಡುತ್ತದೆ, ಹಿಂದೆ ಹೋದರೆ ದಾರಿ ತಪ್ಪಿಸುತ್ತದೆ. ಗುಂಡ ಚಿಕ್ಕವನಿದ್ದಾಗ ತಾನೇ ಕಂಡದ್ದನ್ನು ಹೇಳುತ್ತಿದ್ದ. ದನಿ ಇಳಿಸಿ, ಉಸಿರು ಹಿಡಿದು, ಅಡಿಕೆ ತೋಟ ದಾಟಿ ಗದ್ದೆ ಅಂಚಿಗೆ ಬಂದಿದ್ದ. ಅಷ್ಟರಲ್ಲಿ ಮೇಡಂ, ‘ಜೌಗು ನೆಲದಲ್ಲಿ ಎಲೆ ಕಡ್ಡಿ ಕೊಳೆತರೆ ಮೀಥೇನ್ ಬರುತ್ತೆ, ಹೊತ್ತಿ ಉರಿಯೋ ಅನಿಲ’ ಅಂದುಬಿಟ್ಟಳು. ಗುಂಡನ ಮುಖ ನೋಡಬೇಕಿತ್ತು. ಅದೂ ಸಾಲದು ಅಂತ ಇನ್ನೊಂದು ಕೇಳಿದಳು. ಮುಂಗಾರಿನ ಮೊದಲ ಮಳೆಗೆ ನಿಮ್ಮ ಕಡೆ ರಾತ್ರಿ ಬೆಳಕು ಹಿಡಿದುಕೊಂಡು ಗದ್ದೆಗೆ ಹತ್ತಿ ಬರೋ ಮೀನು ಕಡಿಯೋಕೆ ಹೋಗ್ತಾರಲ್ಲ, ನಿಮ್ಮ ಚಿಕ್ಕಪ್ಪನೂ ಹೋಗ್ತಿದ್ರು ಅಂತ ನೀನೇ ಹೇಳಿದ್ದೆ, ಹಾಗಾದ್ರೆ ನೀನು ಕಂಡಿದ್ದು ಯಾರನ್ನ? ಗುಂಡ ಬಹಳ ಹೊತ್ತು ಯೋಚಿಸಿ, ‘ನಮ್ಮ ಚಿಕ್ಕಪ್ಪ ಅಷ್ಟು ಜೋರಾಗಿ ಓಡಲ್ಲ’ ಅಂದ. ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೇನೆ.

ಆಮೇಲೆ ಕೂತು ಮಾತಾಡಿ ಒಂದು ನಿಯಮ ಮಾಡಿಕೊಂಡೆವು. ಕತೆ ಮುಗಿಯುವ ತನಕ ವಿಜ್ಞಾನ ಹೊಸ್ತಿಲಾಚೆ ನಿಂತಿರಬೇಕು. ಮೇಡಂ ಒಪ್ಪಿದಳು, ಆದರೆ ಅವಳದೂ ಒಂದು ಷರತ್ತು. ವಿವರಣೆ ಅದೇ ಕಂತಿನಲ್ಲಿ ಬರಬೇಕು, ಮುಂದಿನ ವಾರಕ್ಕೆ ತಳ್ಳುವಂತಿಲ್ಲ. ಅವಳಿಗೆ ಎಚ್. ನರಸಿಂಹಯ್ಯ ಅಂದರೆ ದೇವರು, ಅಂದರೆ, ನನ್ನ ಮಾತಿನ ಅರ್ಥ ಆಯಿತಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡೋಕೆ ಒಂದು ಸಮಿತಿಯನ್ನೇ ಮಾಡಿದ ಮನುಷ್ಯ. ‘ಅಂಥವರಿದ್ದ ನಾಡಿನಲ್ಲಿ ಕೂತು ಬರೀ ಹೆದರಿಸೋ ಕೆಲಸ ನಾನು ಮಾಡಲ್ಲ’ ಅಂದಳು. ಗುಂಡ ವಿವರಣೆ ಕೊಟ್ಟರೆ ಕತೆ ಸಾಯುತ್ತೆ ಅಂತ ಗೊಣಗಿದ. ನಾನೂ ಮೊದಲು ಅವನ ಕಡೆಯೇ ಇದ್ದೆ. ಈಗ ಇಲ್ಲ. ಅದು ಯಾಕೆ ಅನ್ನೋದು ನಿನ್ನ ಊರಿಗೆ ಸಂಬಂಧಪಟ್ಟದ್ದು, ಸ್ವಲ್ಪ ತಾಳು.

ಕೇಳುಗರಿಂದ ಜಾಸ್ತಿ ಬರುವುದು ಒಂದೇ ಕತೆ. ಮಲಗಿದ್ದೆ, ಎಚ್ಚರ ಆಯಿತು, ಕೈಕಾಲು ಆಡಲಿಲ್ಲ, ಎದೆ ಮೇಲೆ ಯಾರೋ ಕೂತಿದ್ದರು, ಕೂಗೋಕೆ ದನಿ ಬರಲಿಲ್ಲ. ಬೀದರ್‌ನಿಂದಲೂ ಇದೇ, ಕುಂದಾಪುರದಿಂದಲೂ ಇದೇ. ಕನಸು ಬೀಳುವ ನಿದ್ದೆಯಲ್ಲಿ ಮೆದುಳು ಮೈಯ ಸ್ನಾಯುಗಳನ್ನು ಆಫ್ ಮಾಡಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದ ಹಾಗೆ ಮಂಚದಿಂದಲೂ ಓಡಿಬಿಡುತ್ತೇವೆ. ಕೆಲವು ಸಲ ಮೈಗಿಂತ ಮೊದಲು ಮನಸ್ಸು ಎದ್ದುಬಿಡುತ್ತದೆ. ಕನಸಿನ ಒಂದು ತುಂಡೂ ಜೊತೆಗೇ ಬರುತ್ತದೆ, ಅದೇ ಎದೆ ಮೇಲಿನ ಅತಿಥಿ. ಇದನ್ನು ಹೇಳಿದ ಮೇಲೆ ಒಬ್ಬ ಹುಡುಗಿ ಬರೆದಿದ್ದಳು, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ತಲೆ ಕೆಟ್ಟಿದೆ ಅಂದುಕೊಂಡಿದ್ದೆ ಅಂತ. ಅವತ್ತು ಗುಂಡ ಕೂಡ ಗೊಣಗಲಿಲ್ಲ.

ಎರಡನೇ ಸ್ಥಾನ ಪಾಳು ಬಂಗಲೆಯ ಬಿಳಿ ಸೀರೆಯವಳಿಗೆ. ಕಣಜ ಗೂಬೆ ನೋಡಿದ್ದೀಯಾ? ಬಿಳೀ ಹೊಟ್ಟೆ, ಹೃದಯದಾಕಾರದ ಮುಖ, ಹಾರಿದರೆ ರೆಕ್ಕೆ ಸದ್ದೇ ಇಲ್ಲ, ಬಾಯಿ ಬಿಟ್ಟರೆ ಮಾತ್ರ ಯಾರೋ ಕಿರುಚಿದ ಹಾಗೆ. ವಾಸ ಹಳೇ ಕಟ್ಟಡಗಳಲ್ಲಿ. ಪಾಪ, ಅದಕ್ಕೆ ಎಷ್ಟು ಹೆಣ್ಣುದೆವ್ವಗಳ ಹೆಸರು ಬಂದಿದೆಯೋ.

ಕೆಲವನ್ನು ಮಾತ್ರ ಮುಟ್ಟಲ್ಲ. ಕರಾವಳಿಯ ದೈವ, ಮಲೆನಾಡಿನ ಚೌಡಿ, ಇವು ದೆವ್ವದ ಪಟ್ಟಿಗೆ ಸೇರಿದ್ದಲ್ಲ, ಜನ ಕೈ ಮುಗಿಯುವ ಜಾಗ. ಇದನ್ನು ಗುಂಡನೇ ಹೇಳಿದ, ಮೇಡಂ ಕೂಡಲೇ ಒಪ್ಪಿದಳು. ಇತ್ತೀಚೆಗೆ ಸತ್ತವರ ಮನೆ, ಅಪಘಾತದ ಜಾಗ, ಅವೂ ಬೇಡ, ಅಲ್ಲಿ ಇನ್ನೂ ಅಳುತ್ತಿರುವವರು ಇದ್ದಾರೆ. ಬಾಣಾಮತಿಯನ್ನು ತಮಾಷೆಗೆ ಎಳೆಯಲ್ಲ. ಅದರ ಹೆಸರಿನಲ್ಲಿ ಜನರಿಗೆ ಹೊಡೆದು ಬಡಿದು ಮಾಡಿದ್ದಾರೆ, ಅಂಥದ್ದನ್ನು ತಡೆಯೋಕೆ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾನೂನೇ ಮಾಡಬೇಕಾಯಿತು. ಇಷ್ಟು ಬಿಟ್ಟ ಮೇಲೂ ಹುಣಸೆ ಮರಗಳಿಗೇನು ಬರವೇ. ಜೊತೆಗೆ ತಲಕಾಡಿನ ಶಾಪ ಬಾಕಿ ಇದೆ, ಇಲ್ಲಿಂದ ಒಂದು ಗಂಟೆಯ ದಾರಿ ಅಷ್ಟೆ. ಅಲಮೇಲಮ್ಮನ ಕತೆಗೆ ಮೇಡಂ ಹೊಳೆ ಮರಳು, ಗಾಳಿಯ ದಿಕ್ಕು ಅಂತ ಈಗಲೇ ನೋಟ್ಸ್ ಮಾಡಿಕೊಳ್ಳುತ್ತಿದ್ದಾಳೆ.

ಈಗ ನಿನ್ನ ಊರಿಗೆ ಬರುತ್ತೇನೆ.

1998ರಲ್ಲಿ ವಿಕ್ ಟ್ಯಾಂಡಿ ಅಂತ ಒಬ್ಬ ಎಂಜಿನಿಯರ್ ಒಂದು ಲೇಖನ ಪ್ರಕಟಿಸಿದ. ಕೊವೆಂಟ್ರಿಯವನೇ. ಅವನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ದೆವ್ವ ಇದೆ ಅಂತ ಮಾತಿತ್ತು. ಒಂದು ರಾತ್ರಿ ಒಬ್ಬನೇ ಕೂತಿದ್ದಾಗ ಮೈ ಬೆವೆತು, ಕೂದಲು ನೆಟ್ಟಗಾಗಿ, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕಾರ ಒಂದು ನಿಂತ ಹಾಗಾಯಿತು. ತಿರುಗಿದರೆ ಇಲ್ಲ. ನಾನಾಗಿದ್ದರೆ ಮಾರನೇ ದಿನ ರಾಜೀನಾಮೆ. ಅವನು ಕತ್ತಿವರಸೆ ಆಡುವವನು, ಸ್ಪರ್ಧೆಗೆ ರಿಪೇರಿ ಮಾಡಬೇಕಿದ್ದ ಕತ್ತಿ ತಂದು, ಬಿಗಿಯಾಗಿ ಹಿಡಿದಿಡುವ ವೈಸ್‌ಗೆ ಸಿಕ್ಕಿಸಿ, ಎಣ್ಣೆ ತರೋಕೆ ಹೋದ. ವಾಪಸ್ ಬಂದರೆ ಯಾರೂ ಮುಟ್ಟದ ಕತ್ತಿ ತಾನಾಗೇ ಗಡಗಡ ನಡುಗುತ್ತಿದೆ! ಗುಂಡ ಇಲ್ಲಿ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡ. ಟ್ಯಾಂಡಿ ಮಾತ್ರ ಕತ್ತಿಯನ್ನು ಕೋಣೆಯಲ್ಲಿ ಅಲ್ಲಿಂದಿಲ್ಲಿಗೆ ಸರಿಸುತ್ತಾ, ಎಲ್ಲಿ ಜಾಸ್ತಿ ನಡುಗುತ್ತದೆ ಅಂತ ನೋಡಿದ. ಕೊನೆಗೆ ಸಿಕ್ಕಿದ್ದು ಹೊಸದಾಗಿ ಹಾಕಿಸಿದ್ದ ಒಂದು ಎಕ್ಸಾಸ್ಟ್ ಫ್ಯಾನ್. ಅದು ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ ಸದ್ದು ಹೊರಡಿಸುತ್ತಿತ್ತು. 20ರ ಕೆಳಗಿನದು ಸಾಮಾನ್ಯವಾಗಿ ಮನುಷ್ಯರ ಕಿವಿಗೆ ಬೀಳಲ್ಲ, ಮೈಗೆ ಮಾತ್ರ ತಟ್ಟುತ್ತದೆ. ಫ್ಯಾನ್ ಸರಿ ಮಾಡಿದರು, ದೆವ್ವ ಹೋಯಿತು. ಆಮೇಲೆ ಬೇರೆಯವರು ಪ್ರಯೋಗ ಮಾಡಿದಾಗ ಎಲ್ಲ ಕಡೆಯೂ ಇದೇ ಫಲ ಸಿಕ್ಕಿಲ್ಲ, ಅದನ್ನೂ ಹೇಳುತ್ತೇವೆ. ಆದರೆ ನೀನೇ ಹೇಳು, ಈ ಕತೆಯಲ್ಲಿ ಬೂದು ಆಕಾರಕ್ಕಿಂತ ಫ್ಯಾನ್ ಸಿಕ್ಕ ಜಾಗವೇ ಮಜಾ ಅಲ್ವಾ? ವಿವರಣೆ ಬಂದರೆ ಕತೆ ಸಾಯುತ್ತೆ ಅನ್ನೋ ಮಾತನ್ನು ನಾನು ಬಿಟ್ಟದ್ದು ಇಲ್ಲಿ.

ಗುಂಡ ಬೇರೆಯೇ ಪಾಠ ಕಲಿತ. ನಮ್ಮ ಕಂತುಗಳ ಕೆಳಗೆ ಆ 19ರ ಸದ್ದು ಸೇರಿಸೋಣ, ಕೇಳುಗರಿಗೆ ತಾನಾಗೇ ಭಯ ಆಗಲಿ ಅಂದ. ಫೋನ್ ಸ್ಪೀಕರ್‌ನಲ್ಲಿ ಅಷ್ಟು ಕೆಳಗಿನ ಸದ್ದು ಬರೋದೇ ಇಲ್ಲ ಅಂತ ಮೇಡಂ ಹೇಳಿದ ಮೇಲೆ ಸುಮ್ಮನಾದ.

ಟ್ಯಾಂಡಿ ಅಲ್ಲಿಗೇ ಬಿಡಲಿಲ್ಲ. ನಿಮ್ಮೂರಿನ ಕೆತೆಡ್ರಲ್ ಪಕ್ಕದಲ್ಲಿ, ಆಗ ಪ್ರವಾಸಿ ಮಾಹಿತಿ ಕೇಂದ್ರ ಇದ್ದ ಜಾಗದ ಕೆಳಗೆ, 14ನೇ ಶತಮಾನದ ಒಂದು ನೆಲಮಾಳಿಗೆ ಇದೆ. ಅಲ್ಲೂ ಜನ ಹೆದರುತ್ತಿದ್ದರು, ಅಲ್ಲೂ ಅವನಿಗೆ ಹೆಚ್ಚುಕಡಿಮೆ ಅದೇ ಸದ್ದು ಸಿಕ್ಕಿತು. ನೀನು ಅಲ್ಲಿಗೆ ಹೋಗಬೇಕು. ಒಳಗೆ ಬಿಡುತ್ತಾರೋ ಇಲ್ಲವೋ ಕೇಳಿ ನೋಡು. ಬಿಡದಿದ್ದರೆ ಪಕ್ಕದಲ್ಲೇ 1940ರ ಬಾಂಬಿಗೆ ಸಿಕ್ಕ ಹಳೇ ಕೆತೆಡ್ರಲ್ಲಿನ ಗೋಡೆಗಳನ್ನು ಹಾಗೇ ಉಳಿಸಿದ್ದಾರಲ್ಲ, ಅಲ್ಲಿ ನಿಂತು ಮಾತಾಡು. ದೆವ್ವ ಸಿಗಲೇಬೇಕು ಅಂತೇನಿಲ್ಲ. 1936ರಲ್ಲಿ ಬಿಬಿಸಿಯವರು ಹ್ಯಾರಿ ಪ್ರೈಸ್ ಅನ್ನೋ ದೆವ್ವ ಹುಡುಕುವವನನ್ನು ಕಟ್ಟಿಕೊಂಡು ಕೆಂಟ್‌ನ ಒಂದು ಮನೆಯಿಂದ ರಾತ್ರಿ ನೇರಪ್ರಸಾರ ಮಾಡಿದರು. ಅಷ್ಟೆಲ್ಲ ಸಲಕರಣೆ ಇಟ್ಟುಕೊಂಡು ಕೂತರೂ ದೆವ್ವ ಬರಲಿಲ್ಲ. ಬಿಬಿಸಿಗೇ ಕೈ ಕೊಟ್ಟದ್ದು ನಿನಗೆ ಕೊಟ್ಟರೆ ಅವಮಾನ ಏನಿಲ್ಲ.

ಹತ್ತು ನಿಮಿಷ ಸಾಕು. ಫೋನನ್ನು ಬಾಯಿಗೆ ಒಂದು ಗೇಣು ದೂರ ಹಿಡಿ, ಗಾಳಿ ಇದ್ದರೆ ಮೈಕಿಗೆ ಕಾಲುಚೀಲ ಸುತ್ತು, ತೊಳೆದದ್ದು. ವಾಟ್ಸ್ಯಾಪ್‌ನಲ್ಲಿ ಕಳಿಸಬೇಡ, ದನಿ ಕೆಡುತ್ತೆ, ಡ್ರೈವ್‌ಗೆ ಹಾಕು. ಮಾತಾಡುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಂತು ಆ ಜಾಗದ ಸದ್ದನ್ನೂ ಹಿಡಿ, ಎಡಿಟಿಂಗ್‌ಗೆ ಬೇಕು. ‘ಹಾಯ್ ಗಾಯ್ಸ್’ ಅಂತ ಶುರು ಮಾಡಿದರೆ ಕತ್ತರಿಸಿ ಎಸೆಯುತ್ತೇನೆ. ಮಳೆ, ಚಳಿ, ಶಿಫ್ಟ್, ಯಾವ ನೆಪವೂ ನಡೆಯಲ್ಲ. ನಿಮ್ಮಮ್ಮನಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಹೋಗಲಿ ಬಿಡಪ್ಪ, ಆದ್ರೆ ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟುಕೊಂಡು ಹೋಗೋಕೆ ಹೇಳು ಅಂದರು. ಮೇಡಂಗೆ ಇದನ್ನು ಹೇಳಿಲ್ಲ, ಈ ಪತ್ರ ಓದಿದರೆ ಗೊತ್ತಾಗುತ್ತೆ. ಅಲ್ಲಿ ನಿಂಬೆಹಣ್ಣು ಸಿಗುತ್ತೆ ತಾನೆ?

ಇಂತಿ ನಿನ್ನ,
ಕುಳ್ಳ