ಇಲಿಯ ಜಠರದ ಫೋಟೋ ತೋರಿಸಿ ಅಲ್ಸರ್ ಪುಡಿ ಮಾರುವುದನ್ನು ನಿಲ್ಲಿಸಿ

ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ, ಮೈಸೂರು, ಮಂಡ್ಯದ ಗ್ರಂಧಿಗೆ ಅಂಗಡಿಗಳಲ್ಲಿ ‘ಪ್ರಯೋಗಾಲಯದಲ್ಲಿ ಸಾಬೀತಾದ ಅಲ್ಸರ್ ಔಷಧಿ’ ಎಂಬ ಪೊಟ್ಟಣಗಳು ವರ್ಷಗಳಿಂದ ಮಾರಾಟವಾಗುತ್ತಿವೆ. ಜಠರ, ಕರುಳಿನ ಹುಣ್ಣು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವಂತಿಲ್ಲ ಎಂದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲೇ ಇದೆ. ತಮಗೆ ಗೊತ್ತಿಲ್ಲದ್ದೇನಲ್ಲ. ಮನವಿ ಕೊಟ್ಟಾಗಲೆಲ್ಲ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ. ಆ ಪೊಟ್ಟಣಗಳನ್ನು ತೆಗೆಸಿ.

ಈಗ ಬಂದಿರುವ ಒಂದೆಲಗದ ಪುಡಿ ಎಲ್ಲವನ್ನೂ ಮೀರಿಸಿದೆ. ಪೊಟ್ಟಣದ ಮೇಲೆ ಸೀಳಿ ಹರಡಿದ ಇಲಿ ಜಠರದ ಎರಡು ಫೋಟೋ. ಒಂದರ ಒಳಪದರದುದ್ದಕ್ಕೂ ಕಡುಗೆಂಪು ಬರೆ, ಇನ್ನೊಂದು ನುಣ್ಣಗೆ. ಕೆಳಗೆ ‘ಸೇವನೆಗೆ ಮುನ್ನ’, ‘ಸೇವನೆಯ ನಂತರ’ ಎಂದಿದೆ. ಹಸಿ ಸುಳ್ಳು! ಜಠರ ಸೀಳಿದ ಇಲಿ ಸತ್ತಿರುತ್ತದೆ, ಅದಕ್ಕೆ ‘ನಂತರ’ ಎಲ್ಲಿಯದು? ಅವು ಎರಡು ಬೇರೆ ಇಲಿಗಳು.

ಅಂಥ ಬರೆ ಬೀಳುವುದು ಎಥನಾಲ್ (ಮದ್ಯಸಾರ) ಕುಡಿಸುವ ಪರೀಕ್ಷೆಯಲ್ಲಿ. ಸಾಮಾನ್ಯವಾಗಿ ಇಲಿಯನ್ನು 24 ಗಂಟೆ ಉಪವಾಸ ಕೆಡವುತ್ತಾರೆ, ನೀರು ಮಾತ್ರ. ಪಂಜರದ ತಳ ತಂತಿ ಜಾಲರಿಯದೇ ಆಗಬೇಕು. ಇಲ್ಲವಾದರೆ ಇಲಿ ತನ್ನ ಹಿಕ್ಕೆ ತಾನೇ ತಿಂದು, ಹೊಟ್ಟೆ ಖಾಲಿಯಾಗದೆ ಫಲಿತಾಂಶ ಕೆಡುತ್ತದೆ. ಮೊದಲು ಗಿಡದ ಸಾರ ಕುಡಿಸಿ, ಒಂದು ಗಂಟೆ ಬಿಟ್ಟು 200 ಗ್ರಾಂ ತೂಕದ ಇಲಿಗೆ 1 ಮಿ.ಲೀ. ಶುದ್ಧ ಎಥನಾಲ್. ಮತ್ತೊಂದು ಗಂಟೆಗೆ ಇಲಿಯನ್ನು ಕೊಂದು, ಜಠರವನ್ನು ದೊಡ್ಡ ಬಾಗಿನ ಗುಂಟ ಕತ್ತರಿಸಿ, ಬರೆಗಳನ್ನು ಅಳೆಯುತ್ತಾರೆ. ಮದ್ದು ಮೊದಲು, ಗಾಯ ಆಮೇಲೆ. ಆಗಲೇ ಆಗಿರುವ ಹುಣ್ಣು ಮಾಯುತ್ತದೆಯೇ ಎಂಬುದು ಇದರಿಂದ ತಿಳಿಯುವುದೇ ಇಲ್ಲ. ಅದಕ್ಕೆ ಅಸಿಟಿಕ್ ಆಮ್ಲದಿಂದ ಹುಣ್ಣು ಮಾಡಿ, ದಿನಗಟ್ಟಲೆ ಮದ್ದು ಕೊಟ್ಟು ನೋಡಬೇಕು. ಮನುಷ್ಯರಲ್ಲಿ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ. ಎಥನಾಲ್ ಕುಡಿಸಿದ ಇಲಿಯಲ್ಲಿ ಎರಡೂ ಇಲ್ಲ.

ಪ್ರಮಾಣವಾದರೂ ಸರಿಯಿದೆಯೇ? ಇಲಿಗೆ ಕೆ.ಜಿ. ತೂಕಕ್ಕೆ 200 ಮಿ.ಗ್ರಾಂ ಸಾರ ಕೊಟ್ಟೆವೆಂದು ಪೊಟ್ಟಣವೇ ಹೇಳುತ್ತದೆ. ಇಲಿಯ ಪ್ರಮಾಣವನ್ನು ಮನುಷ್ಯನ ಪ್ರಮಾಣಕ್ಕೆ ಇಳಿಸುವ ರೂಢಿಯ ಅಂಕೆ 6.2. ಅದರಿಂದ ಭಾಗಿಸಿದರೆ 60 ಕೆ.ಜಿ. ಮನುಷ್ಯನಿಗೆ ಸುಮಾರು 2 ಗ್ರಾಂ ಒಣ ಸಾರ. 100 ಗ್ರಾಂ ಪುಡಿಯಿಂದ 10 ಗ್ರಾಂ ಸಾರ ಬರುತ್ತದೆಂದುಕೊಂಡರೂ 20 ಗ್ರಾಂ ಪುಡಿ ಬೇಕು. ಇವರು ತಿನ್ನಲು ಹೇಳುವುದು ಒಂದು ಟೀ ಚಮಚ!

ಒಂದೆಲಗದ ತಂಬುಳಿಗೆ ನಮ್ಮ ತಕರಾರಿಲ್ಲ, ಸಂಶೋಧನೆಗೆ ಮೊದಲೇ ಇಲ್ಲ. ಆದರೆ ಇದನ್ನು ನಂಬಿ, ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಮಾತ್ರೆ ಬಿಟ್ಟವರಿಗೆ ಹುಣ್ಣಿನಿಂದ ರಕ್ತ ಸೋರಿ, ಮಲ ಡಾಂಬರಿನಂತೆ ಕಪ್ಪಾಗಿ ಹೋಗತೊಡಗಿದರೆ ಹೊಣೆ ಯಾರು?

ತಯಾರಕರಿಂದ ಮೂಲ ವರದಿಯನ್ನೂ ಪ್ರಾಣಿ ನೀತಿ ಸಮಿತಿಯ ಅನುಮತಿ ಪತ್ರವನ್ನೂ ತರಿಸಿ. ವಿಚಾರಣೆ ಎಷ್ಟು ದಿನವಾದರೂ ನಡೆಯಲಿ, ಪೊಟ್ಟಣಗಳನ್ನು ಮೊದಲು ತೆಗೆಸಿ.

ಇತಿ,
ಮೈಸೂರಿನ ಕೆಲವು ಔಷಧಶಾಸ್ತ್ರ ಅಧ್ಯಾಪಕರು