ಒಬ್ಬಳೇ ಹಾಡಲು ಹೊರಟ ಸೋದರಸೊಸೆಗೆ

ಮಾಟುಂಗಾ, ಮುಂಬಯಿ

ಚಿ. ಮಗಳಿಗೆ ಸೋದರಮಾವನ ಆಶೀರ್ವಾದಗಳು.

ನೀನು ಬ್ಯಾಂಡನ್ನು ಬಿಟ್ಟು, ಇನ್ನು ಗಿಟಾರೊಂದನ್ನೇ ಹಿಡಿದು ಸ್ವಂತ ಹಾಡುಗಳನ್ನು ಹಾಡುವೆನೆಂದು ನಿರ್ಧರಿಸಿದ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಅಳುತ್ತಾ ಹೇಳಿದಳು. ನನಗೆ ಅಳು ಬರಲಿಲ್ಲ. ಕಳೆದ ತಿಂಗಳು ಬಾಂದ್ರಾದ ಆ ಸಣ್ಣ ಕೋಣೆಯಲ್ಲಿ ಮೂವತ್ತು ಜನರ ಮುಂದೆ ನೀನು ಹಾಡಿದ್ದನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನು ನಾನು. ಆದ್ದರಿಂದ ಈ ಪತ್ರ ನಿನ್ನನ್ನು ತಡೆಯುವುದಕ್ಕಲ್ಲ.

ಮೊದಲು ಅಂದು ಕಂಡ ಕೊರತೆಯನ್ನು ಹೇಳಿಬಿಡುತ್ತೇನೆ. ಮೂರನೆಯ ಹಾಡಿನಲ್ಲಿ ನಿನ್ನ ಹೆಬ್ಬೆರಳು ಜಾರಿತು. ಹಿಂದೆ ಡ್ರಮ್ಸ್ ನುಡಿಸುವವನಿದ್ದಾಗ ಲಯದ ಭಾರವನ್ನೆಲ್ಲ ಅವನೇ ಹೊರುತ್ತಿದ್ದ. ಅವನಿಲ್ಲದೆ, ಭಾವ ಏರಿದಂತೆಲ್ಲ ನಿನ್ನ ಕೈ ಓಡತೊಡಗಿತು, ಎರಡು ಕಡೆ ದಪ್ಪ ತಂತಿ ಸದ್ದಿಲ್ಲದೆ ಉಳಿಯಿತು. ಅಮೆರಿಕದ ಕಪ್ಪು ಜನರ ಹಾಡುಪರಂಪರೆಯಾದ ಬ್ಲೂಸಿನ ಗಾಯಕ ಮಿಸಿಸಿಪ್ಪಿ ಜಾನ್ ಹರ್ಟ್ ನುಡಿಸಿದ್ದನ್ನು ಕಣ್ಣು ಮುಚ್ಚಿ ಕೇಳು. ತೆಳು ತಂತಿಗಳಲ್ಲಿ ಬೆರಳುಗಳು ಎಷ್ಟೇ ಆಡಿಕೊಂಡಿರಲಿ, ಅವನ ಹೆಬ್ಬೆರಳು ಮಾತ್ರ ದಪ್ಪ ತಂತಿಗಳ ನಡುವೆ ನೇಗಿಲು ಹೂಡಿದ ಎತ್ತಿನಂತೆ ಒಂದೇ ನಡಿಗೆಯಲ್ಲಿ ನಡೆಯುತ್ತಿರುತ್ತದೆ. 1928ರಲ್ಲಿ ಅವನು ಹಾಡಿ ಕೊಟ್ಟ ಗ್ರಾಮಫೋನ್ ತಟ್ಟೆಗಳು ಹೆಚ್ಚು ಮಾರಾಟವಾಗದೆ, ಅವನು ಊರಿನಲ್ಲಿ ಹೊಲದ ಕೆಲಸ ಮಾಡಿಕೊಂಡೇ ಉಳಿದ. 1963ರಲ್ಲಿ ಅಭಿಮಾನಿಗಳು ಹುಡುಕಿಕೊಂಡು ಹೋದಾಗ ಎಪ್ಪತ್ತರ ಆಸುಪಾಸಿನ ಆ ಮುದುಕನ ಕೈಯಲ್ಲಿ ಅದೇ ನಡಿಗೆ ಇತ್ತು. ನೀನು ದಿನಕ್ಕೆ ಅರ್ಧ ಗಂಟೆ ಹಾಡದೆ, ಹೆಬ್ಬೆರಳೊಂದನ್ನೇ ನುಡಿಸು.

ನಿನ್ನ ಅಜ್ಜಿಯೂ ಒಬ್ಬಳೇ ಹಾಡುತ್ತಿದ್ದವಳು. ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಗಿನ ಜಾವ ಅವಳು ಜೋಳ ಬೀಸುವಾಗ ಕಲ್ಲಿನ ಸುತ್ತೇ ಅವಳ ತಾಳ. ಬೀಸುಕಲ್ಲಿನ ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಮಾತನ್ನು ಮರಳಿ ಹೇಳಿ ಮೂರನೆಯದಕ್ಕೆ ಇಳಿಯುತ್ತಾರೆ. ಬ್ಲೂಸಿನಲ್ಲಿ ಹೆಚ್ಚಾಗಿ ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಮುಂದಿನ ಮಾತು ಹೊಳೆಯುವವರೆಗೆ ಹಿಂದಿನದನ್ನೇ ಇನ್ನೊಮ್ಮೆ ಹೇಳುವುದು ದುಡಿಯುತ್ತಾ ಹಾಡಿದವರ ಉಪಾಯವೆಂದು ನನಗೆ ತೋರುತ್ತದೆ. ಆದರೆ ಇವೆರಡನ್ನೂ ಬಲವಂತವಾಗಿ ಬೆಸೆಯಲು ಹೋಗಬೇಡ. ಮಿಸಿಸಿಪ್ಪಿಯ ಹತ್ತಿಹೊಲದ ಸಂಕಟವನ್ನಂತೂ ಎರವಲು ತರಬೇಡ. ಅದು ಗುಲಾಮಗಿರಿಯನ್ನು ಉಂಡವರ ಮಕ್ಕಳು, ಮೊಮ್ಮಕ್ಕಳು ಹಾಡಿದ್ದು. ಕಲ್ಯಾಣ್ ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ, ತೊಡೆಯ ಮೇಲೆ ಚೀಲ ಹರಡಿ ರಾತ್ರಿಯ ಅಡುಗೆಗೆ ಬಟಾಣಿ ಸುಲಿಯುತ್ತಾ ಮನೆಗೆ ಮರಳುವ ಹೆಂಗಸಿನ ಬಗ್ಗೆ ನೀನು ಕನ್ನಡದಲ್ಲಿ ಬರೆದ ಹಾಡಿದೆಯಲ್ಲ, ಅದನ್ನು ಹಾಡಿದಾಗ ಕೋಣೆಯಲ್ಲಿ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು. ಅಂಥವನ್ನು ಇನ್ನೂ ಹತ್ತು ಬರೆ.

ಇನ್ನು ಕಾಗದಪತ್ರದ ಮಾತು. ಇದು ನನ್ನ ಹಳೆಯ ಗಾಯ. 1987ರಲ್ಲಿ ಒಂದು ಕ್ಯಾಸೆಟ್ ಕಂಪನಿಗೆ ನಾನು ಎಂಟು ಭಾವಗೀತೆಗಳಿಗೆ ರಾಗ ಹಾಕಿಕೊಟ್ಟೆ. ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿ, ಐನೂರು ರೂಪಾಯಿ ತೆಗೆದುಕೊಂಡು ಸಂತೋಷದಿಂದ ಮನೆಗೆ ಬಂದೆ. ವರ್ಷದ ಮೇಲೆ ಅಂಗಡಿಯೊಂದರಲ್ಲಿ ನನ್ನದೇ ರಾಗ ಕೇಳಿಬಂತು. ಕ್ಯಾಸೆಟ್ಟಿನ ಹೊದಿಕೆಯನ್ನು ತಿರುಗಿಸಿ ನೋಡಿದರೆ ನನ್ನ ಹೆಸರೇ ಇರಲಿಲ್ಲ. ಆ ಮೇಲೆ ನಾನು ರಾಗ ಹಾಕಲಿಲ್ಲ.

ಹಾಡು ಬೇರೆ, ಅದರ ಧ್ವನಿಮುದ್ರಣ ಬೇರೆ. ಎರಡಕ್ಕೂ ಪ್ರತ್ಯೇಕ ಹಕ್ಕುಗಳಿವೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಸಾಹಿತ್ಯ ಬರೆದವರು ಮತ್ತು ರಾಗ ಹಾಕಿದವರು ತಮ್ಮ ಪಾಲಿನ ರಾಯಲ್ಟಿಯ, ಅಂದರೆ ಹಾಡು ಬಳಕೆಯಾದಾಗ ಬರುವ ಹಣದ, ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ನೀನು ಇವೆರಡನ್ನೂ ಮಾಡುವವಳು. ಆದರೆ ಧ್ವನಿಮುದ್ರಣಕ್ಕೆ ಹಣ ಹಾಕಿದವರೇ ಸಾಮಾನ್ಯವಾಗಿ ಅದರ ಒಡೆಯರಾಗುತ್ತಾರೆ. ಆದ್ದರಿಂದ ಸಾಲ ಮಾಡದೆ, ನಿನ್ನ ಉಳಿತಾಯದಿಂದ ನಾಲ್ಕೇ ಹಾಡುಗಳಾದರೂ ಸರಿ, ನೀನೇ ಮುದ್ರಿಸಿಕೊ. ಇಲ್ಲೇ ಮುಂಬಯಿಯಲ್ಲಿರುವ, ಸಾಹಿತ್ಯ ಬರೆದವರ ಮತ್ತು ರಾಗ ಹಾಕಿದವರ ಪರವಾಗಿ ರಾಯಲ್ಟಿ ಸಂಗ್ರಹಿಸಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯಳಾಗಿ ಹಾಡುಗಳನ್ನು ನೋಂದಾಯಿಸು. ನಿನ್ನ ನೌಕರಿಯನ್ನು ಈ ವರ್ಷವೇ ಬಿಡಬೇಡ. ಇದನ್ನು ನಿನ್ನ ಅಮ್ಮನ ಪರವಾಗಿ ಹೇಳುತ್ತಿಲ್ಲ, ಬಾಡಿಗೆಯ ಚಿಂತೆ ಇರುವವರು ಓದದೆ ಸಹಿ ಹಾಕುತ್ತಾರೆ ಎಂಬುದನ್ನು ಬಲ್ಲೆ.

ಮಳೆಗಾಲ ಹತ್ತಿರ ಬಂತು. ಗಿಟಾರನ್ನು ಕಿಟಕಿಯ ಪಕ್ಕ ನಿಲ್ಲಿಸಬೇಡ, ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡು, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸು. ಯಾವುದೋ ಸಂಸ್ಥೆಯವರು ನಿನಗೆ ಕರಾರುಪತ್ರ ಕಳುಹಿಸಿದ್ದಾರೆಂದು ನಿನ್ನ ಅಮ್ಮ ಹೇಳಿದಳು. ಅದನ್ನು ಭಾನುವಾರ ಇಲ್ಲಿಗೆ ತಾ, ಗಿಟಾರನ್ನೂ ತಾ. ಪ್ರತಿ ಪುಟವನ್ನೂ ನಾವಿಬ್ಬರೂ ಕುಳಿತು ಓದೋಣ. ಅಲ್ಲಿಯವರೆಗೆ ಸಹಿ ಹಾಕಬೇಡ.

ನಿನ್ನ ಸೋದರಮಾವ